ಶೋರೂಮಿಗೆ ಹೋಗುವ ಮುಂಚೆ ಪಾರ್ಕಿಂಗಿಗೆ ಹೋಗಿ: ದೊಡ್ಡ ಎಸ್‌ಯುವಿಯನ್ನು ತೂಗಿ ನೋಡುವ ಬಗೆ

ನಾನು ಪುಣೆಯಲ್ಲಿ ವಾಹನ ವಿಮೆಯ ಸರ್ವೇಯರ್. ಗುದ್ದಿದ, ಉಜ್ಜಿದ, ನೀರು ಕುಡಿದ ಗಾಡಿಗಳನ್ನು ವರ್ಕ್‌ಶಾಪಿನಲ್ಲಿ ನೋಡಿ, ಯಾವ ಭಾಗಕ್ಕೆ ಎಷ್ಟು ಕೊಡಬಹುದು ಎಂದು ವರದಿ ಬರೆಯುವುದು ನನ್ನ ಹೊಟ್ಟೆಪಾಡು. ಊರು ಧಾರವಾಡ. ಹೀಗಾಗಿ ವಾಕಡ, ಬಾಣೇರ, ಕೋಥರೂಡ ಕಡೆಯ ನಮ್ಮ ಜನ ಹೊಸ ಗಾಡಿಗೆ ಕೈ ಹಾಕುವ ಮುಂಚೆ ಒಂದು ಫೋನ್ ಹಚ್ಚುತ್ತಾರೆ: "ಅಣ್ಣಾರ, ಈ ಗಾಡಿ ಚಲೋ ಐತೇನ್ರಿ?"

ಇಪ್ಪತ್ತು, ಇಪ್ಪತ್ತೈದು ಲಕ್ಷದ ಎಸ್‌ಯುವಿಗಳಲ್ಲಿ ಚಲೋ ಇಲ್ಲದ್ದು ಈಗ ಹುಡುಕಿದರೂ ಸಿಗುವುದು ಕಷ್ಟ. ಏರ್‌ಬ್ಯಾಗ್, ದೊಡ್ಡ ಪರದೆ, ಗಾಳಿಯಾಡುವ ಸೀಟು, ತಲೆ ಮೇಲೆ ಗಾಜು, ಎಲ್ಲಾ ಕಡೆ ಇದ್ದೇ ಇದೆ. ನಾನು ತಿರುಗಿ ಕೇಳುವುದು ಒಂದೇ: ಈ ಗಾಡಿಯಲ್ಲಿ ನಿಮಗೆ ಇಷ್ಟವಾದ ಒಂದೊಂದು ಗುಣವೂ ಕೆಟ್ಟ ದಿನ ಬಂದಾಗ ಎಷ್ಟಕ್ಕೆ ಬೀಳುತ್ತದೆ, ಗೊತ್ತೇ? ಖರ್ಚು ಗೊತ್ತಾದ ಮೇಲೂ ಬೇಕು ಅನಿಸಿದರೆ ಅದು ನಿಮ್ಮ ಮಟ್ಟಿಗೆ ಗುಣ. ಅನಿಸದಿದ್ದರೆ ಬಿಟ್ಟ ಹಾಗೆ. ಬೇರೆಯವರು ವಿಮರ್ಶೆಯಲ್ಲಿ ಕೊಟ್ಟ ನಕ್ಷತ್ರ, ಅಂಕ ನಿಮ್ಮ ಓಣಿಯಲ್ಲಿ ನಡೆಯುವುದಿಲ್ಲ.

ಮೊದಲ ಕೆಲಸ ಟೇಪು

ಶೋರೂಮಿಗೆ ಹೋಗುವ ಮುಂಚೆ ನಿಮ್ಮ ಸೊಸೈಟಿಯ ಪಾರ್ಕಿಂಗಿಗೆ ಇಳಿಯಿರಿ. ಪುಣೆಯ ಹೊಸ ಕಟ್ಟಡಗಳಲ್ಲಿ ಬಹಳ ಜನಕ್ಕೆ ಸಿಕ್ಕಿರುವುದು ಮೇಲೆ ಕೆಳಗೆ ಸರಿಯುವ ಸ್ಟ್ಯಾಕ್ ಪಾರ್ಕಿಂಗ್. ಅದರ ಕಂಬಕ್ಕೆ ಒಂದು ತಗಡಿನ ಬೋರ್ಡು ಇರುತ್ತದೆ: ಉದ್ದ, ಅಗಲ, ಎತ್ತರ, ತೂಕ, ನಾಲ್ಕೂ ಅಂಕಿ ಬರೆದಿರುತ್ತದೆ. ಅದರ ಫೋಟೊ ತೆಗೆದುಕೊಳ್ಳಿ. ಗಾಡಿಯ ಬ್ರೋಷರಿಗಿಂತ ಈ ಬೋರ್ಡು ಮುಖ್ಯ.

ಹೋಲಿಕೆಗೆ ಕೆಲವು ಅಳತೆ ಕೊಡುತ್ತೇನೆ. ಕ್ರೆಟಾ ಅಗಲ 1,790 ಮಿಲಿಮೀಟರ್. ಜೀಪ್ ಕಂಪಾಸ್ 1,818. ಎಕ್ಸ್‌ಯುವಿ 700 ಹೋಗಿ 1,890ಕ್ಕೆ ನಿಲ್ಲುತ್ತದೆ, ಉದ್ದ 4,695. 2023ರಲ್ಲಿ ಮುಖ ಬದಲಾದ ಮೇಲಿನ ಹ್ಯಾರಿಯರ್ 1,922. ಇವು ಕನ್ನಡಿ ಬಿಟ್ಟು ಬರೆದ ಅಂಕಿ. ಎರಡು ಕಂಬದ ನಡುವೆ ಗಾಡಿ ಹೊಕ್ಕರೆ ಸಾಲದು, ಹೊಕ್ಕ ಮೇಲೆ ನೀವು ಬಾಗಿಲು ತೆರೆದು ಹೊರಗೆ ಬರಬೇಕಲ್ಲ. ಆ ಬಾಗಿಲಿಗೆ ಒಂದು ಪಕ್ಕಕ್ಕೆ ಎರಡು ಅಡಿಯಾದರೂ ಇಟ್ಟು ಲೆಕ್ಕ ಹಾಕಿ. ತೂಕವನ್ನೂ ಮರೆಯಬೇಡಿ. ಈ ಗಾತ್ರದ ಡೀಸೆಲ್ ಗಾಡಿ ಖಾಲಿ ಇದ್ದಾಗಲೇ 1,700 ಕಿಲೋ ಆಸುಪಾಸು. ಇದೇ ಗಾತ್ರದ ಬ್ಯಾಟರಿ ಗಾಡಿಗಳಲ್ಲಿ ಹಲವು ಎರಡು ಟನ್ ದಾಟುತ್ತವೆ. ಬೋರ್ಡಿನಲ್ಲಿ 2,000 ಕಿಲೋ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ನನ್ನ ವರದಿಗಳಲ್ಲಿ ಹೆದ್ದಾರಿ ಅಪಘಾತಕ್ಕಿಂತ ಹೆಚ್ಚು ಸಲ ಬರೆಯುವ ಸಾಲು "ಪಾರ್ಕಿಂಗ್ ಮಾಡುವಾಗ ಕಂಬಕ್ಕೆ ತಾಗಿ". ಎಡಗಡೆಯ ಹಿಂದಿನ ಬಾಗಿಲು, ಅದರ ಹಿಂದಿನ ಚಕ್ರದ ಮೇಲಿನ ತಗಡು. ಜಾಗ ಯಾವಾಗಲೂ ಅದೇ. ಆ ತಗಡನ್ನು ಬೋಲ್ಟ್ ಬಿಚ್ಚಿ ಬದಲಿಸಲು ಬರುವುದಿಲ್ಲ, ಕತ್ತರಿಸಿ ವೆಲ್ಡ್ ಮಾಡಬೇಕು. ಅಗಲದ ಗಾಡಿಯ ಸುಖ ಮೂರು ಜನ ಹಿಂದೆ ಕೂತಾಗ. ಅದರ ಬೆಲೆ ಈ ಕಂಬದ ಹತ್ತಿರ.

ಹಳೆಯ ಪುಣೆಯ ಇಕ್ಕಟ್ಟಿನ ಓಣಿಗಳಲ್ಲಿ, ನಾರಾಯಣ ಪೇಠ, ಸದಾಶಿವ ಪೇಠದಲ್ಲಿ ಮನೆ ಇರುವವರಿಗೆ ಈ ಲೇಖನದ ಉಳಿದ ಭಾಗ ಬೇಕಾಗಲಿಕ್ಕಿಲ್ಲ. ಕಂಪಾಸಿನ ಗಾತ್ರ ದಾಟಬೇಡಿ.

ಬಿಡಿಭಾಗದ ಕೌಂಟರಿನಲ್ಲಿ ಐದು ಬೆಲೆ

ಎರಡನೆಯ ಕೆಲಸವನ್ನು ಯಾರೂ ಮಾಡುವುದಿಲ್ಲ, ನಾನು ಹೇಳಿದರೂ ನಗುತ್ತಾರೆ. ಶೋರೂಮಿಗಲ್ಲ, ಆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ ಬಿಡಿಭಾಗದ ಕೌಂಟರಿನಲ್ಲಿ ಐದು ಬೆಲೆ ಕೇಳಿ: ಮುಂದಿನ ಬಂಪರ್, ಒಂದು ಕಡೆಯ ಹೆಡ್‌ಲೈಟ್, ಮುಂದಿನ ಗಾಜು, ಹೊರಗಿನ ಕನ್ನಡಿ ಪೂರ್ತಿ ಜೋಡಣೆ, ಒಂದು ಅಲಾಯ್ ಚಕ್ರ. ನೀವು ತಗೊಳ್ಳಬೇಕೆಂದಿರುವ ಮಾದರಿಯದ್ದೇ ಕೇಳಿ, ಕೆಳಗಿನದ್ದಲ್ಲ. ಎರಡು ಗಾಡಿಗಳ ನಡುವೆ ತೂಗುತ್ತಿದ್ದರೆ ಎರಡೂ ಕಡೆ ಕೇಳಿ ಪಕ್ಕಪಕ್ಕ ಬರೆಯಿರಿ. ಜೊತೆಗೆ "ಸ್ಟಾಕ್‌ನಲ್ಲಿ ಇದೆಯೋ, ತರಿಸಬೇಕೋ?" ಎಂದೂ ಕೇಳಿ. ರಂಜನಗಾವ್‌ನಲ್ಲಿ ಕಂಪಾಸ್, ಚಾಕಣದಲ್ಲಿ ಮಹೀಂದ್ರಾ ಎಕ್ಸ್‌ಯುವಿ, ಪಿಂಪರಿಯಲ್ಲಿ ಹ್ಯಾರಿಯರ್, ಹೀಗೆ ನಮ್ಮ ಸುತ್ತಲೇ ಗಾಡಿ ತಯಾರಾಗುತ್ತದೆ ಎಂದಮಾತ್ರಕ್ಕೆ ಒಡೆದ ದೀಪ ಮರುದಿನ ಸಿಗುತ್ತದೆ ಎಂದುಕೊಳ್ಳಬೇಡಿ.

ಈ ಐದೇ ಯಾಕೆ? ಗಾಡಿ ಪ್ರೀಮಿಯಂ ಆಗುವುದು ಬಹುಪಾಲು ಈ ಐದು ಜಾಗದಲ್ಲಿ, ಪೆಟ್ಟು ಬೀಳುವುದೂ ಅಲ್ಲೇ. ಹಿಂದೆ ಹೆಡ್‌ಲೈಟ್ ಅಂದರೆ ಒಂದು ಬಲ್ಬು, ಒಂದು ಗಾಜು. ಈಗ ಎಲ್‌ಇಡಿ, ಅದರ ಫ್ಯಾನು, ಅದರ ಕಂಟ್ರೋಲರ್, ಎಲ್ಲಾ ಸೇರಿ ಒಂದೇ ಡಬ್ಬಿ. ಹಿಂದಿನ ಒಂದು ಕೊಕ್ಕೆ ಮುರಿದರೂ ಡಬ್ಬಿ ಪೂರ್ತಿ ಬದಲು. ಕನ್ನಡಿಯೊಳಗೆ ಮಡಚುವ ಮೋಟರು, ಇಂಡಿಕೇಟರ್, 360 ಡಿಗ್ರಿ ಕ್ಯಾಮೆರಾ. ಬಂಪರಿನ ಹಿಂದೆ ರಡಾರ್. ಮುಂದಿನ ಗಾಜಿನ ಮೇಲ್ಭಾಗದಲ್ಲಿ, ಒಳಗನ್ನಡಿಯ ಹಿಂದೆ ಅಡಾಸ್ ಕ್ಯಾಮೆರಾ (ಅಡಾಸ್ ಅಂದರೆ ಎದುರಿನ ದಾರಿ ನೋಡಿ ಗಾಡಿ ತಾನೇ ವೇಗ, ಬ್ರೇಕ್ ಸಂಭಾಳಿಸುವ ವ್ಯವಸ್ಥೆ). ಗಾಜು ಬದಲಿಸಿದರೆ ಆ ಕ್ಯಾಮೆರಾವನ್ನು ಮತ್ತೆ ಅಳತೆಗೆ ಕೂರಿಸಬೇಕು, ಅದಕ್ಕೆ ಬೇರೆ ಯಂತ್ರ, ಬೇರೆ ಕೂಲಿ.

ಇಲ್ಲಿ ನನ್ನ ಕಸುಬಿನ ಒಂದು ಲೆಕ್ಕ. ಮಾಮೂಲಿ ಸಮಗ್ರ ವಿಮೆಯಲ್ಲಿ ಗಾಜಿಗೆ ಸವಕಳಿ ಇಲ್ಲ, ಪೂರ್ತಿ ಕೊಡುತ್ತಾರೆ. ಪ್ಲಾಸ್ಟಿಕ್, ರಬ್ಬರು, ಟೈರು, ಬ್ಯಾಟರಿಗೆ ನೇರವಾಗಿ 50% ಕಡಿತ, ಗಾಡಿ ಹೊಸದಾದರೂ ಅಷ್ಟೇ. ಲೋಹದ ಭಾಗಕ್ಕೆ ಮೊದಲ ಆರು ತಿಂಗಳು ಏನೂ ಕಡಿತವಿಲ್ಲ, ಒಂದು ವರ್ಷದೊಳಗೆ 5%, ಎರಡನೆಯ ವರ್ಷ 10%, ಹೀಗೆ ಏರುತ್ತದೆ. ಈಗ ಗಾಡಿಯ ಮುಖ ನೋಡಿ: ಬಂಪರ್, ಗ್ರಿಲ್, ಹೆಡ್‌ಲೈಟಿನ ಹೊರಮೈ, ಎಲ್ಲವೂ ಪ್ಲಾಸ್ಟಿಕ್. ಅರ್ಧ ನಿಮ್ಮ ಕಿಸೆಯಿಂದ. ಆದ್ದರಿಂದ ಈ ವರ್ಗದ ಗಾಡಿಗೆ, ಸವಕಳಿ ಕಡಿತ ಇಲ್ಲದ ಹಾಗೆ ಮಾಡುವ "ಝೀರೊ ಡೆಪ್" ಇಲ್ಲದೆ ವಿಮೆ ಮಾಡಿಸುವುದು ನನ್ನ ಮಟ್ಟಿಗೆ ತಲೆಕೆಟ್ಟ ಕೆಲಸ. ಸಾಮಾನ್ಯವಾಗಿ ಅದು ಐದು ವರ್ಷದವರೆಗೆ ಸಿಗುತ್ತದೆ. ಆರನೆಯ ವರ್ಷ ಗಾಡಿ ಮಾರುವುದೋ ಇಟ್ಟುಕೊಳ್ಳುವುದೋ ಎಂಬ ಲೆಕ್ಕದಲ್ಲಿ ಇದನ್ನೂ ಸೇರಿಸಿ.

ಇನ್ನೊಂದು ಗೆರೆ 1,500 ಸಿಸಿ. 2022ರಲ್ಲಿ ನಿಗದಿಯಾದ ದರದಲ್ಲಿ, ಎಂಜಿನ್ ಸಾವಿರದಿಂದ 1,500 ಸಿಸಿಯೊಳಗಿದ್ದರೆ ಹೊಸ ಗಾಡಿಯ ಮೂರು ವರ್ಷದ ಥರ್ಡ್ ಪಾರ್ಟಿ ಕಂತು (ಎದುರಿನವರ ನಷ್ಟಕ್ಕಿರುವ ಕಡ್ಡಾಯ ವಿಮೆ) ₹10,640, ಮೇಲಿದ್ದರೆ ₹24,596. ಪ್ರತಿ ಕ್ಲೇಮಿನಲ್ಲಿ ನೀವೇ ಹೊರಬೇಕಾದ ಕಡ್ಡಾಯ ಮೊತ್ತವೂ ಒಂದು ಸಾವಿರದಿಂದ ಎರಡಕ್ಕೆ ಏರುತ್ತದೆ. ದೊಡ್ಡ ಮೊತ್ತವೇನಲ್ಲ, ಆದರೆ ಎರಡು ಲೀಟರ್ ಎಂಜಿನ್ನಿನ ಜಂಬಕ್ಕೆ ಇದೂ ಒಂದು ಚೀಟಿ.

ಗಾಜಿನ ಛಾವಣಿ

ಪ್ಯಾನೊರಾಮಿಕ್ ಸನ್‌ರೂಫ್ ಬೇಡ ಎಂದರೆ ಮಕ್ಕಳು ನನ್ನನ್ನು ವೈರಿಯಂತೆ ನೋಡುತ್ತವೆ. ಬೇಡ ಅನ್ನುವುದಿಲ್ಲ, ನಾಲ್ಕು ಮಾತು ತಿಳಿದು ತಗೊಳ್ಳಿ. ಆ ಗಾಜಿನ ಚೌಕಟ್ಟಿನ ಮೂಲೆಗಳಲ್ಲಿ ಸಣ್ಣ ಕೊಳವೆಗಳಿರುತ್ತವೆ, ಮಳೆನೀರು ಅವುಗಳ ಮೂಲಕ ಕೆಳಗೆ ಇಳಿಯಬೇಕು. ಮರದ ಕೆಳಗೆ ಗಾಡಿ ನಿಲ್ಲಿಸುವವರ ಕೊಳವೆಗಳಲ್ಲಿ ಎಲೆ, ಧೂಳು ಸೇರಿ ಕೆಸರಾಗುತ್ತದೆ. ಜೂನಿನಲ್ಲಿ ಮೊದಲ ಜೋರು ಮಳೆ ಬಂದಾಗ ನೀರು ಹೊರಗೆ ಹೋಗುವ ಬದಲು ಛಾವಣಿಯ ಬಟ್ಟೆಗೆ, ಅಲ್ಲಿಂದ ಕಂಬದೊಳಗಿನ ವೈರಿಂಗಿಗೆ. ಇದು ಸವಕಳಿಯ ತಕರಾರಲ್ಲ, ನಿರ್ವಹಣೆ ಮಾಡಲಿಲ್ಲ ಎಂಬ ತಕರಾರು. ಅಲ್ಲಿ ನನ್ನ ಪೆನ್ನೂ ಬರೆಯಲು ಹಿಂದೆಮುಂದೆ ನೋಡುತ್ತದೆ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಆ ಕೊಳವೆ ತೆಗೆಸಿ ನೋಡಿಸಬೇಕು. ಎತ್ತರದವರು ಹಿಂದಿನ ಸೀಟಿನಲ್ಲಿ ಕೂತು ನೋಡಿ, ಆ ಚೌಕಟ್ಟು ತಲೆಯ ಮೇಲಿನ ಜಾಗ ತಿನ್ನುತ್ತದೆ. ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ಒಳಪರದೆ ತೆಳುವೋ ದಪ್ಪವೋ ಎಂಬುದೂ ಗೊತ್ತಾಗುತ್ತದೆ.

ಟೆಸ್ಟ್ ಡ್ರೈವ್: ನೀವು ಹಿಂದೆ ಕೂರಿ

ಶೋರೂಮಿನ ಹುಡುಗ ಸ್ವಚ್ಛ ರಸ್ತೆಯ ಮೇಲೆ ಐದು ನಿಮಿಷ ಓಡಿಸಿ "ಪಿಕಪ್ ನೋಡಿದಿರಾ ಸಾಹೇಬ" ಎನ್ನುತ್ತಾನೆ. ಪಿಕಪ್ ಎಲ್ಲದರಲ್ಲೂ ಇದೆ. ನೀವು ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ, ಬೇಕಾದ ದಾರಿ ನೀವೇ ಹೇಳಿ.

ಕಳೆದ ದಸರೆಯ ಮುಂಚೆ ವಾಕಡದ ಒಂದು ದಂಪತಿಯ ಜೊತೆ ಹೋಗಿದ್ದೆ. ಗಂಡನ ತಾಯಿ ಗದಗದಿಂದ ಬಂದಿದ್ದರು, ಮೊಣಕಾಲಿನ ನೋವು. ಮಗ ಸ್ಟೀರಿಂಗ್ ಹಿಡಿದು ಖುಷಿಯಲ್ಲಿದ್ದ. ನಾನು ಹೇಳಿದೆ, "ತಮ್ಮಾ, ಇಳಿ. ಮೊದಲ ಅವ್ವಾರು ಹತ್ತಲಿ." ಅವರು ಒಂದು ಕೈಯಲ್ಲಿ ಸೀರೆಯ ನಿರಿಗೆ ಎತ್ತಿ ಹಿಡಿದು, ಇನ್ನೊಂದರಲ್ಲಿ ಬಾಗಿಲ ಮೇಲಿನ ಹಿಡಿಕೆ ಹುಡುಕಿದರು. ಹಿಡಿಕೆ ಅವರ ಕೈಗೆ ನಿಲುಕಲಿಲ್ಲ. ಸೀಟು ಅವರ ಸೊಂಟಕ್ಕಿಂತ ಮೇಲೆ, ಬಾಗಿಲ ಹೊಸ್ತಿಲು ಅಗಲ. ಕಾಲು ಒಳಗೆ ಇಡುವಷ್ಟರಲ್ಲಿ ನಿರಿಗೆಯ ಅಂಚಿಗೆ ಹೊಸ್ತಿಲ ಕೆಳಗಿನ ಕೆಸರು ಹತ್ತಿತ್ತು. "ಇದಕ್ಕ ಒಂದು ಮಣೆ ಬೇಕಾಗ್ತದಲ್ಲೋ" ಅಂದರು. ಅವರು ಕಡೆಗೆ ಇನ್ನೊಂದು, ತುಸು ಕುಳ್ಳ ಗಾಡಿ ತಗೊಂಡರು. ಎತ್ತರದ ಸೀಟು ಓಡಿಸುವವನಿಗೆ ಬಲು ಚೆಂದ, ರಸ್ತೆ ಪೂರಾ ಕಾಣುತ್ತದೆ. ಮನೆಯ ಹಿರಿಯರಿಗೆ ಅದೇ ಗೋಡೆ. ಪಕ್ಕಕ್ಕೆ ಮೆಟ್ಟಿಲು ಹಾಕಿಸಿದರಾಯಿತು ಎನ್ನುತ್ತಾರೆ. ಹಾಕಿಸಿ ನೋಡಿ, ಕಿರಿದಾದ ಹೊಸ್ತಿಲು ಇದ್ದ ಗಾಡಿಗೆ ಅದು ಉಪಯೋಗ, ಅಗಲ ಹೊಸ್ತಿಲಿನ ಗಾಡಿಗೆ ಇಳಿಯುವಾಗ ಮೀನಖಂಡಕ್ಕೆ ಬಡಿಯುವ ಇನ್ನೊಂದು ವಸ್ತು.

ಇನ್ನು ದಾರಿ. ಮೊದಲು ನಿಧಾನದಲ್ಲಿ, 20–30ರ ವೇಗದಲ್ಲಿ, ನಿಮ್ಮ ಸೊಸೈಟಿಯ ಹಂಪುಗಳ ಮೇಲೆ ಹೋಗಿ. ಆಮೇಲೆ ಕಾತ್ರಜ ಬೈಪಾಸಿನ ಕಡೆ 80ಕ್ಕೆ. ಕೆಲವು ಗಾಡಿಗಳ ಸಸ್ಪೆನ್ಷನ್ ವೇಗದಲ್ಲಿ ಗಟ್ಟಿ, ನಿಧಾನದಲ್ಲಿ ಒರಟು: ಓಡಿಸುವವನಿಗೆ ಭರವಸೆ, ಹಿಂದೆ ಕೂತವರಿಗೆ ಸೊಂಟ. ಇನ್ನು ಕೆಲವು ನಿಧಾನದಲ್ಲಿ ತೊಟ್ಟಿಲು, ಖಂಬಾಟಕಿ ಘಾಟಿನ ತಿರುವಿನಲ್ಲಿ ಮಕ್ಕಳಿಗೆ ವಾಂತಿ. ಎರಡೂ ಬೇಕೆಂದರೆ ಸಿಗುವುದು ಅಪರೂಪ. ನಿಮ್ಮ ಓಡಾಟದ ಮುಕ್ಕಾಲು ಭಾಗ ಹಿಂಜವಡಿ ಜಾಮಿನಲ್ಲೋ, ತಿಂಗಳಿಗೊಮ್ಮೆ ಬೆಳಗಾವಿ, ಹುಬ್ಬಳ್ಳಿಗೋ ಎಂಬುದರ ಮೇಲೆ ಆರಿಸಿ. ನವಲೆ ಬ್ರಿಜ್ಜಿನ ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಹೇಗೆ ಮಾತಾಡುತ್ತದೆ ಎಂದೂ ನೋಡಿ, ಆ ಇಳಿಜಾರಿನಲ್ಲಿ ಬ್ರೇಕ್ ತಪ್ಪಿದ ಲಾರಿಗಳು ಏನು ಮಾಡುತ್ತವೆ ಎಂಬುದು ಪುಣೆಯವರಿಗೆ ಹೇಳಬೇಕಿಲ್ಲ.

ಏಳು ಸೀಟಿನ ಗಾಡಿ ನೋಡುತ್ತಿದ್ದರೆ ಮೂರನೆಯ ಸಾಲಿನಲ್ಲಿ ಕೂರಿಸಬೇಕಾದವರನ್ನೇ ಕೂರಿಸಿ ಹತ್ತು ನಿಮಿಷ ಓಡಿಸಿ. ಮತ್ತೆ ಏಳೂ ಜನ ಕೂತಾಗ ಹಿಂದೆ ಎಷ್ಟು ಬ್ಯಾಗು ಹಿಡಿಯುತ್ತದೆ ನೋಡಿ. ಏಳು ಜನ ಕೂತು ಊರಿಗೆ ಹೋಗುವಾಗ ಸಾಮಾನು ಮೇಲೆ ಕಟ್ಟುವವರನ್ನು ನಾನು ಕಂಡಿದ್ದೇನೆ, ಗಾಜಿನ ಛಾವಣಿಯ ಮೇಲೆ.

ಡೀಸೆಲ್ಲೋ ಪೆಟ್ರೋಲೋ

ಡೀಸೆಲ್ಲಿನ ಬಲ ಘಾಟಿನಲ್ಲಿ ಗೊತ್ತಾಗುತ್ತದೆ. ಆದರೆ 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆಯ ಹೊಸ ನಿಯಮ) ಡೀಸೆಲ್ ಗಾಡಿಗಳಲ್ಲಿ ಹೊಗೆಯ ಕರಿಯನ್ನು ಹಿಡಿದಿಡುವ ಡಿಪಿಎಫ್ ಇರುತ್ತದೆ. ಅದರಲ್ಲಿ ತುಂಬಿದ ಕರಿ ಸುಡಬೇಕಾದರೆ ಎಂಜಿನ್ ಚೆನ್ನಾಗಿ ಕಾಯ್ದು ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ದಿನಕ್ಕೆ ಆರು ಕಿಲೋಮೀಟರ್, ಅದೂ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡುವ ಗಾಡಿಯಲ್ಲಿ ಆ ಅವಕಾಶ ಸಿಗುವುದಿಲ್ಲ. ದೀಪ ಹತ್ತುತ್ತದೆ, ಅಲಕ್ಷ್ಯ ಮಾಡಿದರೆ ಎಂಜಿನ್ ಬಲ ಕಡಿಮೆ ಮಾಡಿಕೊಳ್ಳುತ್ತದೆ, ಆಮೇಲೆ ವರ್ಕ್‌ಶಾಪು. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸುವವರಿಗೆ ಈ ತಾಪತ್ರಯ ಇಲ್ಲ. ಕೆಲವು ಡೀಸೆಲ್‌ಗಳಿಗೆ ಯೂರಿಯಾ ದ್ರವವನ್ನೂ ತುಂಬಿಸುತ್ತಿರಬೇಕು, ಕೇಳಿಕೊಳ್ಳಿ.

ಟರ್ಬೊ ಪೆಟ್ರೋಲ್ ಸದ್ದಿಲ್ಲದೆ ನುಣ್ಣಗೆ ಓಡುತ್ತದೆ, ಜಾಮಿನಲ್ಲಿ ಮೈಲೇಜು ಒಂದಂಕಿಗೆ ಇಳಿದರೆ ಆಶ್ಚರ್ಯಪಡಬೇಡಿ. ನಿಮ್ಮ ತಿಂಗಳ ಕಿಲೋಮೀಟರ್ ಎಷ್ಟೆಂದು ಹಳೆಯ ಗಾಡಿಯ ಸರ್ವಿಸ್ ಚೀಟಿಗಳಿಂದ ತೆಗೆಯಿರಿ, ಅಂದಾಜು ಬೇಡ. ಎಲ್ಲರೂ ತಮ್ಮ ಓಡಾಟವನ್ನು ಜಾಸ್ತಿಯೇ ಹೇಳುತ್ತಾರೆ.

ನೀರು

2024ರ ಜುಲೈ 25ರಂದು ಖಡಕವಾಸಲಾದಿಂದ ಮುಠಾ ನದಿಗೆ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಪಾರ್ಕಿಂಗುಗಳೇ ಮುಳುಗಿದವು. ನಿಂತ ಗಾಡಿಗೆ ನೀರು ಹೊಕ್ಕರೆ ಮಾಮೂಲಿ ಸಮಗ್ರ ವಿಮೆ ಕೊಡುತ್ತದೆ. ತೊಂದರೆ ಶುರುವಾಗುವುದು ಯಜಮಾನ ಬಂದು ಬಟನ್ ಒತ್ತಿದಾಗ. ಗಾಳಿಯ ದಾರಿಯಿಂದ ಸಿಲಿಂಡರಿಗೆ ನೀರು ಹೋಗಿರುತ್ತದೆ, ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಆ ಹಾನಿ ನೀವಾಗಿ ಮಾಡಿಕೊಂಡದ್ದು ಎಂದು ತಕರಾರು ಬರುತ್ತದೆ. "ಎಂಜಿನ್ ಪ್ರೊಟೆಕ್ಟ್" ಎಂಬ ಹೆಚ್ಚುವರಿ ರಕ್ಷಣೆ ಇರುವುದು ಇದಕ್ಕೇ.

ಗ್ರೌಂಡ್ ಕ್ಲಿಯರೆನ್ಸ್ ಜಾಸ್ತಿ ಇರುವ ಗಾಡಿ ನೀರಿಗೆ ಹೆದರುವುದಿಲ್ಲ ಎಂಬ ಧೈರ್ಯ ಎಸ್‌ಯುವಿ ಯಜಮಾನರಿಗೆ ಬೇಗ ಬರುತ್ತದೆ. ಗಾಡಿಯ ಹೊಟ್ಟೆ ನೆಲದಿಂದ ಎಷ್ಟು ಎತ್ತರ ಎನ್ನುವುದು ಬೇರೆ, ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಎಲ್ಲಿದೆ ಎನ್ನುವುದು ಬೇರೆ. ಬಾನೆಟ್ ಎತ್ತಿಸಿ ಆ ಬಾಯಿ ತೋರಿಸಿ ಎಂದು ಕೇಳಿ. ಕೆಲವದರಲ್ಲಿ ಹೆಡ್‌ಲೈಟಿನ ಮಟ್ಟಕ್ಕೇ ಇರುತ್ತದೆ. ಬ್ರೋಷರಿನ ಕ್ಲಿಯರೆನ್ಸ್ ಅಂಕಿ ಖಾಲಿ ಗಾಡಿಯದ್ದೋ ತುಂಬಿದ್ದರದ್ದೋ, ಅದನ್ನೂ ಕೇಳಿ.

ದೊಡ್ಡ ಚಕ್ರ

ಮೇಲಿನ ಮಾದರಿ ತಗೊಂಡರೆ ಚಕ್ರ ದೊಡ್ಡದಾಗುತ್ತದೆ, ಟೈರಿನ ಪಕ್ಕೆ ತೆಳುವಾಗುತ್ತದೆ. ಹ್ಯಾರಿಯರಿನಲ್ಲಿ 235/60 ಆರ್18 ಇದ್ದದ್ದು ಮೇಲಕ್ಕೆ ಹೋದಂತೆ 245/55 ಆರ್19. ನೋಡಲು ಭರ್ಜರಿ. ಮಳೆಗಾಲದಲ್ಲಿ ಗೋವಾ ರಸ್ತೆಯ ಗುಂಡಿಗೆ ಬಿದ್ದರೆ ಪಕ್ಕೆ ಉಬ್ಬುತ್ತದೆ. ಬರೀ ಟೈರು ಹೋದರೆ ಮಾಮೂಲಿ ವಿಮೆ ಏನೂ ಕೊಡುವುದಿಲ್ಲ; ಗಾಡಿಗೂ ಅದೇ ಹೊತ್ತಿಗೆ ಪೆಟ್ಟಾಗಿದ್ದರೆ ಮಾತ್ರ ಅರ್ಧ. ಹದಿನೆಂಟಕ್ಕೆ ನಿಲ್ಲಿ. ಸ್ಟೆಪ್ನಿ ಅದೇ ಅಳತೆಯದ್ದೋ ಚಿಕ್ಕದೋ, ಡಿಕ್ಕಿಯ ತಳ ಎತ್ತಿ ನೋಡಿ.

ಅಡಾಸ್, ನಕ್ಷತ್ರ

ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಅಡಾಸ್‌ನ ವೇಗ ಹಿಡಿದಿಡುವ ಸೌಲಭ್ಯ ಬಹಳ ಚಲೋ. ಘಾಟು ಬಿಟ್ಟರೆ ಮಿತಿ ಕಾರಿಗೆ 100, ಕ್ಯಾಮೆರಾ ಕೂತಿವೆ, ಕಾಲಿಗೆ ವಿಶ್ರಾಂತಿ. ಊರೊಳಗೆ ಬೈಕಿನವನು ಅಡ್ಡ ಬಂದಾಗ ಗಾಡಿ ತಾನೇ ಗಪ್ಪನೆ ಬ್ರೇಕ್ ಹಾಕುತ್ತದೆ, ಹಿಂದಿನ ರಿಕ್ಷಾ ಬಂದು ಗುದ್ದುತ್ತದೆ. ಯಾವುದನ್ನು ಬಂದ್ ಮಾಡಬಹುದು, ಮಾಡಿದ್ದು ಮತ್ತೆ ಸ್ಟಾರ್ಟ್ ಮಾಡಿದಾಗ ಹಾಗೇ ಉಳಿಯುತ್ತದೆಯೋ ಎಂದು ಕೇಳಿ.

ಸುರಕ್ಷತೆಯ ನಕ್ಷತ್ರ ನೋಡುವಾಗ ಯಾವ ಪರೀಕ್ಷೆ, ಯಾವ ವರ್ಷ, ಎಷ್ಟು ಏರ್‌ಬ್ಯಾಗಿನ ಮಾದರಿ ಎಂದು ನೋಡಿ. ಗಾಡಿಯನ್ನು ಗುದ್ದಿಸಿ ನೋಡುವ ನಮ್ಮ ದೇಶದ ಪರೀಕ್ಷೆ ಭಾರತ್ ಎನ್‌ಕ್ಯಾಪ್ ಶುರುವಾದದ್ದು 2023ರ ಅಕ್ಟೋಬರಿನಲ್ಲಿ, ಅದರ ಮೊದಲ ಫಲಿತಾಂಶದಲ್ಲೇ ಹ್ಯಾರಿಯರ್, ಸಫಾರಿಗೆ ಐದು ನಕ್ಷತ್ರ ಬಂದವು. ಈ ಒಂದು ಗುಣಕ್ಕೆ ನಾನು ಖರ್ಚಿನ ಲೆಕ್ಕ ಹಾಕುವುದಿಲ್ಲ.

ಎಂಎಚ್ ನಂಬರು, ಕೆಎ ಊರು

ಇದು ನಮ್ಮಂಥವರಿಗೇ ಇರುವ ತಲೆನೋವು. 2025ರ ಸೆಪ್ಟೆಂಬರ್ 22ರಿಂದ ಈ ಗಾತ್ರದ ಪೆಟ್ರೋಲ್, ಡೀಸೆಲ್ ಗಾಡಿಗಳಿಗೆ ಜಿಎಸ್‌ಟಿ 40% ಆಯಿತು, ಸೆಸ್ ಹೋಯಿತು. ಬ್ಯಾಟರಿ ಗಾಡಿಗೆ 5%ವೇ. ಆ ಮೇಲೆ ಮಹಾರಾಷ್ಟ್ರದ ಒಂದೇ ಸಲದ ತೆರಿಗೆ: 10ರಿಂದ 20 ಲಕ್ಷದ ಗಾಡಿಗೆ ಪೆಟ್ರೋಲ್ 12%, ಡೀಸೆಲ್ 14%, ಅದಕ್ಕಿಂತ ಮೇಲೆ 13 ಮತ್ತು 15. ಕರ್ನಾಟಕದಲ್ಲಿ ಇದೇ ಬೆಲೆಗಳಿಗೆ 17 ಮತ್ತು 18%, ಮೇಲೆ ಸೆಸ್. ಎರಡು ವರ್ಷ ಬಿಟ್ಟು ಬೆಂಗಳೂರಿಗೋ ಹುಬ್ಬಳ್ಳಿಗೋ ವಾಪಸು ಹೋಗುವವರು ಗಾಡಿಯನ್ನು ಅಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನಂಬರು ಮಾಡಿಸಬೇಕು. ಇಲ್ಲಿಯ ಆರ್‌ಟಿಒದಿಂದ ಎನ್‌ಒಸಿ, ಅಲ್ಲಿ ಗಾಡಿಯ ವಯಸ್ಸಿಗೆ ತಕ್ಕ ತೆರಿಗೆ, ಇಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನು ವಾಪಸು ಕೇಳುವ ಅರ್ಜಿ. ಆ ಅರ್ಜಿಯ ಹಿಂದೆ ಬೀಳಲು ತಾಳ್ಮೆ ಬೇಕು.

ನಿಮ್ಮ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇದ್ದರೆ, ಅಥವಾ ಸರ್ಕಾರಿ ನೌಕರಿಯಲ್ಲಿದ್ದರೆ ರಾಜ್ಯ ಬದಲಾದರೂ ನಡೆಯುವ ಬಿಎಚ್ ಸರಣಿಯ ನಂಬರು ಕೇಳಿ. ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟುವುದು. ಕೆಲವು ಡೀಲರುಗಳು "ಬಹಳ ತಡ ಆಗ್ತದೆ" ಎಂದು ತಪ್ಪಿಸಲು ನೋಡುತ್ತಾರೆ. ಎಚ್‌ಆರ್ ಕೊಡುವ ಫಾರ್ಮ್ 60 ತಂದು ಮೇಜಿನ ಮೇಲಿಡಿ.

ಅಂಕ ಹಾಕುವಾಗ

ನಾನು ಗುಣ ಒಂದು ಕಡೆ, ದೋಷ ಒಂದು ಕಡೆ ಬರೆಸುವುದಿಲ್ಲ. ಬ್ರೋಷರಿನ ಒಂದೊಂದು ಸೌಲಭ್ಯದ ಎದುರಿಗೆ ಮನೆಯವರೆಲ್ಲ ಕೂತು "ದಿನಾ", "ತಿಂಗಳಿಗೊಮ್ಮೆ", "ಪಾಹುಣ್ಯಾರಿಗೆ (ಮನೆಗೆ ಬಂದ ನೆಂಟರಿಗೆ) ತೋರಿಸಲಿಕ್ಕೆ" ಎಂದು ಬರೆಯಬೇಕು. ಮೂರನೆಯ ಗುಂಪಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಬಂದರೆ ಒಂದು ಮಾದರಿ ಕೆಳಗೆ ಇಳಿಯಿರಿ. ಉಳಿದ ಹಣದಲ್ಲಿ ಝೀರೊ ಡೆಪ್, ಎಂಜಿನ್ ಪ್ರೊಟೆಕ್ಟ್ ಎರಡೂ ಬರುತ್ತವೆ. ಸಣ್ಣ ಗೀರಿಗೆ ಕ್ಲೇಮ್ ಮಾಡಬೇಡಿ, ಮೊದಲ ವರ್ಷ ಕ್ಲೇಮ್ ಇಲ್ಲದಿದ್ದರೆ ಸ್ವಂತ ಗಾಡಿಯ ಹಾನಿಗೆ ಕಟ್ಟುವ ಕಂತಿನಲ್ಲಿ 20% ಇಳಿಯುತ್ತದೆ, ಐದು ವರ್ಷ ಹೀಗೇ ಹೋದರೆ 50%.

ಕಡೆಗೆ, ದುಡ್ಡು ಪೂರ್ತಿ ಕಟ್ಟುವ ಮುಂಚೆ, ನಂಬರಿಗೆ ಕಾಗದ ಹೋಗುವ ಮುಂಚೆ, ಡೀಲರಿನ ಯಾರ್ಡಿಗೆ ಹಗಲು ಹೊತ್ತಿನಲ್ಲೇ ಹೋಗಿ ನಿಮ್ಮದೇ ಗಾಡಿ ನೋಡಿ. ಚಾಸಿಸ್ ನಂಬರು ಬಿಲ್ಲಿನ ಜೊತೆ ತಾಳೆ ಹಾಕಿ. ತಯಾರಾದ ತಿಂಗಳು ನೋಡಿ. ಟೈರಿನ ಪಕ್ಕೆಯ ಮೇಲೆ ನಾಲ್ಕಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಸ್ಟೆಪ್ನಿ ಸೇರಿ ಐದಕ್ಕೂ ನೋಡಿ. ಛಾವಣಿಯ ಗಾಜಿನ ಮೇಲೆ ಒಂದು ಬಕೆಟ್ ನೀರು ಸುರಿಸಿ, ಒಳಗೆ ಕೂತು ಬಟ್ಟೆ ಮುಟ್ಟಿ ನೋಡಿ. ಯಾರ್ಡಿನ ಹುಡುಗರು ಗೊಣಗುತ್ತಾರೆ, ಗೊಣಗಲಿ.